ಕೆಂಪು ವೋಲ್ಟಾದ ದಂಡೆ ಏಕೆ ಬರಿದಾಯಿತು

ಘಾನಾ ದೇಶದ ಈಶಾನ್ಯ ಮೂಲೆಯಲ್ಲಿ, ಬುರ್ಕಿನಾ ಫಾಸೊ ಗಡಿಗೆ ಹತ್ತಿರದಲ್ಲಿ, ನಬ್ದಮ್ ಎಂಬ ಪುಟ್ಟ ಜಿಲ್ಲೆಯಿದೆ. ಬೊಲ್ಗಟಂಗ ಪಟ್ಟಣದಿಂದ ಪೂರ್ವಕ್ಕೆ ಬಾವ್ಕು ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ನಂಗೋಡಿ ಅದರ ಕೇಂದ್ರ. ಅಲ್ಲಿಂದ ಇನ್ನಷ್ಟು ಪೂರ್ವಕ್ಕೆ ಹೋದರೆ ರಸ್ತೆ ಕೆಂಪು ವೋಲ್ಟಾ ನದಿಯನ್ನು ದಾಟುತ್ತದೆ. ಬುರ್ಕಿನಾದಲ್ಲಿ ಹುಟ್ಟುವ ಈ ನದಿಯನ್ನು ಅಲ್ಲಿಯವರು ನಜಿನಾನ್ ಎನ್ನುತ್ತಾರೆ. ಅದು ಮಳೆಗಾಲದಲ್ಲಿ ತುಂಬಿ ಹರಿದು, ಬೇಸಗೆಯಲ್ಲಿ ಅಲ್ಲಲ್ಲಿ ಮಡುಗಳಾಗಿ ಉಳಿದು, ಕೊನೆಗೆ ಬಿಳಿ ವೋಲ್ಟಾವನ್ನು ಸೇರುತ್ತದೆ.

ಬಯಲುಸೀಮೆಯ ರೈತನ ಲೆಕ್ಕದಲ್ಲಿ ನದಿಯ ಹತ್ತಿರದ ನೆಲವೆಂದರೆ ಎಲ್ಲರೂ ಆಸೆಪಡುವ ನೆಲ. ಅಲ್ಲಿ ಮಣ್ಣು ಆಳವಾಗಿರುತ್ತದೆ, ತೇವ ಹೆಚ್ಚು ದಿನ ನಿಲ್ಲುತ್ತದೆ, ದನಗಳಿಗೆ ನೀರು ಸಿಗುತ್ತದೆ. ಆದರೆ 1960ರ ದಶಕದಲ್ಲಿ ನಂಗೋಡಿಯನ್ನು ಅಧ್ಯಯನ ಮಾಡಿದ ಭೂಗೋಳಶಾಸ್ತ್ರಜ್ಞ ಜಾನ್ ಹಂಟರ್ ಅವರಿಗೆ ಕಂಡದ್ದು ಇದಕ್ಕೆ ತೀರ ವಿರುದ್ಧವಾದ ಚಿತ್ರ. ದಿಣ್ಣೆಯ ಮೇಲಿನ ತೆಳುಮಣ್ಣಿನ ಹೊಲಗಳಲ್ಲಿ ಜನ ಒತ್ತೊತ್ತಾಗಿ ಬದುಕುತ್ತಿದ್ದರು, ನದಿಯ ಕಣಿವೆಯಲ್ಲಿ ಮಾತ್ರ ಮೈಲುಗಟ್ಟಲೆ ಪೊದೆಗಾಡು ಬೆಳೆದಿತ್ತು. ಆ ಕಾಡಿನೊಳಗೆ ಹಿಂದೆ ಊರುಗಳಿದ್ದವು. ಒಂದರ ಹಿಂದೆ ಒಂದರಂತೆ ಅವು ಬರಿದಾಗಿದ್ದವು.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಮೊದಲು ಇಲ್ಲಿನ ಬೇಸಾಯವನ್ನು ನೋಡಬೇಕು. ಇಲ್ಲಿಗೆ ವರ್ಷಕ್ಕೊಂದೇ ಮಳೆಗಾಲ. ಮೇ ತಿಂಗಳಲ್ಲಿ ಶುರುವಾಗಿ ಅಕ್ಟೋಬರ್‌ಗೆ ಮುಗಿಯುವ ಈ ಆರು ತಿಂಗಳಲ್ಲಿ ಬೀಳುವ ಮಳೆ ಸುಮಾರು 900ರಿಂದ 1000 ಮಿಲಿಮೀಟರ್. ನವೆಂಬರ್ ಬಳಿಕ ಸಹಾರಾದ ಕಡೆಯಿಂದ ಹರ್ಮಾಟಾನ್ ಎಂಬ ಒಣಗಾಳಿ ದೂಳನ್ನು ಹೊತ್ತು ತರುತ್ತದೆ. ನೆಲದಡಿ ಬಹುಪಾಲು ಕಣಶಿಲೆ. ಅದು ಸವೆದು ಆದ ಮಣ್ಣು ಮರಳುಮರಳಾಗಿದ್ದು, ನೀರನ್ನೂ ಗೊಬ್ಬರದ ಸಾರವನ್ನೂ ಹಿಡಿದಿಡುವ ಶಕ್ತಿ ಅದಕ್ಕೆ ಕಡಿಮೆ. ಮೇಲ್ಮಣ್ಣು ಕೊಚ್ಚಿಹೋದ ಕಡೆಗಳಲ್ಲಿ ಗುದ್ದಲಿ ತಾಗದ ಜಂಬಿಟ್ಟಿಗೆಯ ಪದರ ಬಾಯ್ದೆರೆದುಕೊಂಡಿರುತ್ತದೆ.

ಇಂಥ ನೆಲದಲ್ಲಿ ಜನ ಬದುಕು ಕಟ್ಟಿಕೊಂಡ ರೀತಿಯನ್ನು ಗೌರವದಿಂದಲೇ ವಿವರಿಸಬೇಕು. ಮಣ್ಣಿನ ಗೋಡೆಯ ಕೋಣೆಗಳನ್ನು ಅಂಗಳದ ಸುತ್ತ ಜೋಡಿಸಿ ಕಟ್ಟಿದ ದೊಡ್ಡ ಮನೆಯಲ್ಲಿ ಅಣ್ಣತಮ್ಮಂದಿರ ಕುಟುಂಬಗಳು ಒಟ್ಟಿಗಿರುತ್ತವೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹೊಲ ಇರುವುದರಿಂದ ಊರು ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ಗೊತ್ತಾಗುವುದಿಲ್ಲ. ಮನೆಗೆ ತಾಗಿಕೊಂಡ ಹಿತ್ತಲ ಹೊಲಕ್ಕೆ ಕೊಟ್ಟಿಗೆಯ ಗೊಬ್ಬರ, ಒಲೆಯ ಬೂದಿ, ಮನೆಯ ಕಸ ಎಲ್ಲವೂ ಸೇರುವುದರಿಂದ ಅದನ್ನು ಬೀಳು ಬಿಡದೆ ವರ್ಷವೂ ಬಿತ್ತುತ್ತಾರೆ. ದೂರದ ಹೊಲಗಳಿಗೆ ಗೊಬ್ಬರ ಮುಟ್ಟುವುದಿಲ್ಲ. ಅವನ್ನು ಕೆಲವು ವರ್ಷ ಉತ್ತು, ಸತ್ವ ತಗ್ಗಿದಾಗ ಹಲವು ವರ್ಷ ಬೀಳು ಬಿಡಬೇಕು. ಅಲ್ಲಿ ಬೆಳೆಯುವ ಶಿಯಾ ಮರಗಳನ್ನು ರೈತರು ಕಡಿಯದೆ ಉಳಿಸಿಕೊಳ್ಳುತ್ತಾರೆ. ಅದರ ಬೀಜದಿಂದ ಹೆಂಗಸರು ತೆಗೆಯುವ ಕೊಬ್ಬು ಅಡುಗೆಗೂ ಆಗುತ್ತದೆ, ಮಾರಾಟಕ್ಕೂ ಆಗುತ್ತದೆ.

ಮಳೆ ಬಿದ್ದೊಡನೆ ಹಿತ್ತಲಲ್ಲಿ ಬೇಗ ಕೊಯ್ಲಿಗೆ ಬರುವ ಸಜ್ಜೆಯನ್ನು, ಅದರ ನಡುವೆಯೇ ತಡವಾಗಿ ಮಾಗುವ ಸಜ್ಜೆಯನ್ನೂ ಜೋಳವನ್ನೂ ಅಲಸಂದೆಯನ್ನೂ ಬಿತ್ತುತ್ತಾರೆ. ನಮ್ಮ ಅಕ್ಕಡಿ ಬೇಸಾಯ ಕಂಡವರಿಗೆ ಇದು ಅಪರಿಚಿತವಲ್ಲ. ಅಲ್ಲಿಗೂ ಇಲ್ಲಿಗೂ ಇರುವ ನಂಟು ಹೋಲಿಕೆಯಷ್ಟೇ ಅಲ್ಲ: ಸಜ್ಜೆ, ಜೋಳ, ಅಲಸಂದೆ ಮೂರೂ ಆಫ್ರಿಕದ ಹುಲ್ಲುಗಾವಲುಗಳಲ್ಲಿ ಕೃಷಿಗೆ ಒಗ್ಗಿದ ಬೆಳೆಗಳು. ಅವುಗಳಲ್ಲಿ ಸಜ್ಜೆ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ದಕ್ಷಿಣ ಭಾರತವನ್ನು ತಲುಪಿತ್ತು. ನಬ್ದಮ್‌ನಲ್ಲಿ ಬೇಗ ಬರುವ ಸಜ್ಜೆಯ ಮಹತ್ವ ಇಳುವರಿಯಲ್ಲಿಲ್ಲ, ಅದು ಕೈಗೆ ಬರುವ ಕಾಲದಲ್ಲಿದೆ. ಹಿಂದಿನ ವರ್ಷದ ಕಾಳು ಕಣಜದ ತಳ ಕಂಡಿರುವಾಗ, ಹೊಲದ ಕೆಲಸ ಮಾತ್ರ ಅತಿ ಹೆಚ್ಚಿರುವಾಗ, ಜುಲೈ ತಿಂಗಳಿನಲ್ಲಿ ಅದು ತೆನೆಗಟ್ಟಿ ಕೊಯ್ಲಿಗೆ ಬರುತ್ತದೆ. ಮಿಕ್ಕ ಬೆಳೆಗಳು ಮನೆ ಸೇರಲು ಅಕ್ಟೋಬರ್, ನವೆಂಬರ್‌ವರೆಗೆ ಕಾಯಬೇಕು.

ಈ ವ್ಯವಸ್ಥೆ ನಿಂತಿರುವುದು ಬೀಳು ಬಿಡಲು ನೆಲ ಇದೆಯೇ ಎಂಬುದರ ಮೇಲೆ. ಜನ ಹೆಚ್ಚಿದಂತೆ ದೂರದ ಹೊಲಗಳ ಬೀಳಿನ ಅವಧಿ ಕುಗ್ಗುತ್ತದೆ, ಮೇವು ತಗ್ಗುತ್ತದೆ, ದನ ಕಡಿಮೆಯಾಗುತ್ತವೆ, ದನ ಕಡಿಮೆಯಾದರೆ ಹಿತ್ತಲಿಗೂ ಗೊಬ್ಬರ ಸಾಲದು. ಆಗ ಹೊಸ ನೆಲ ಹುಡುಕಬೇಕು. ನಂಗೋಡಿಯ ಜನರಿಗೆ ಹತ್ತಿರದಲ್ಲಿದ್ದ ಹೊಸ ನೆಲವೆಂದರೆ ನದಿಯ ಕಣಿವೆ. ಜನ ಅಲ್ಲಿಗೆ ಹೋಗಿದ್ದರು. ಅಲ್ಲಿಂದ ಅವರನ್ನು ಹಿಂದಕ್ಕಟ್ಟಿದ್ದು ಒಂದು ಸಣ್ಣ ಕಪ್ಪು ನೊಣ.

ಸಿಮುಲಿಯಂ ಜಾತಿಯ ಈ ನೊಣ ನಿಂತ ನೀರಿನಲ್ಲಿ ಹುಟ್ಟುವುದಿಲ್ಲ. ಬಂಡೆಗಳ ಮೇಲೆ ರಭಸದಿಂದ ಹರಿಯುವ ನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಮರಿಗಳು ಕಲ್ಲಿಗೋ ನೀರಿನಲ್ಲಿ ಜೋತುಬಿದ್ದ ಕೊಂಬೆಗೋ ಅಂಟಿಕೊಂಡು ಬೆಳೆಯುತ್ತವೆ. ಸೊಳ್ಳೆಯ ಹಾಗೆ ಇದು ರಾತ್ರಿಯಲ್ಲಿ ಕಚ್ಚುವುದಲ್ಲ, ಜನ ಹೊಲದಲ್ಲಿರುವಾಗ, ನೀರಿಗೆ ಬಂದಾಗ, ಬಟ್ಟೆ ಒಗೆಯುವಾಗ, ಹಗಲಲ್ಲೇ ಕಚ್ಚುತ್ತದೆ. ರಕ್ತ ಹೀರುವಾಗ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಒಂದು ಜಂತುವಿನ ಮರಿಗಳನ್ನು ದಾಟಿಸುತ್ತದೆ. ಬೆಳೆದ ಹೆಣ್ಣು ಜಂತು ಚರ್ಮದಡಿ ಗಂಟುಗಳಲ್ಲಿ ಹತ್ತು ಹದಿನೈದು ವರ್ಷ ಬದುಕಿದ್ದು, ಲಕ್ಷಾಂತರ ಸೂಕ್ಷ್ಮ ಮರಿಗಳನ್ನು ಹಾಕುತ್ತದೆ. ಅವು ಚರ್ಮದಲ್ಲಿ ಹರಡಿದಾಗ ನಿದ್ದೆಗೆಡಿಸುವ ತುರಿಕೆ ಹತ್ತುತ್ತದೆ. ಕಣ್ಣನ್ನು ಹೊಕ್ಕು ಸತ್ತಾಗ ಅಲ್ಲಿ ಉರಿಯೂತವಾಗಿ, ವರ್ಷಗಳ ಮೇಲೆ ದೃಷ್ಟಿ ಹೋಗುತ್ತದೆ. ಒಂದೆರಡು ಕಡಿತದಿಂದ ಯಾರೂ ಕುರುಡರಾಗುವುದಿಲ್ಲ. ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಿಸಿಕೊಂಡವರಿಗೆ, ಮೂವತ್ತು ನಲವತ್ತರ ದುಡಿಯುವ ಪ್ರಾಯದಲ್ಲಿ, ಕಣ್ಣು ಹೋಗುತ್ತದೆ. ಸವನ್ನಾ ಸೀಮೆಯ ತೀವ್ರ ಪೀಡಿತ ಊರುಗಳಲ್ಲಿ ಹತ್ತು ವಯಸ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕುರುಡರಾಗಿದ್ದರು. ಬೇಸಾಯವೆಲ್ಲ ಗುದ್ದಲಿಯ ಮೇಲೆ ನಿಂತಿರುವ ಊರಿನಲ್ಲಿ ಅಷ್ಟು ಕಣ್ಣುಗಳು ಹೋದರೆ ಬಿತ್ತನೆ ನಿಲ್ಲುತ್ತದೆ, ಮಕ್ಕಳು ಕೋಲು ಹಿಡಿದು ಹಿರಿಯರಿಗೆ ದಾರಿ ತೋರಿಸುವ ಕೆಲಸಕ್ಕೆ ಬೀಳುತ್ತಾರೆ, ಮಿಕ್ಕವರು ಊರು ಬಿಡುತ್ತಾರೆ.

ಇಲ್ಲಿ ಜನಸಂಖ್ಯೆಗೂ ರೋಗಕ್ಕೂ ಒಂದು ವಿಲಕ್ಷಣ ಸಂಬಂಧವಿದೆ. ನದಿಯ ಹತ್ತಿರ ಜನ ದಟ್ಟವಾಗಿದ್ದರೆ ನೊಣದ ಕಡಿತ ಎಲ್ಲರ ಮೇಲೂ ಹಂಚಿಹೋಗಿ, ಒಬ್ಬೊಬ್ಬರ ಪಾಲಿಗೆ ಕಡಿಮೆ ಬರುತ್ತದೆ. ನಾಲ್ಕೈದು ಮನೆಗಳಷ್ಟೇ ಇದ್ದರೆ ಅಷ್ಟೂ ಕಡಿತ ಆ ಕೆಲವರ ಮೇಲೆಯೇ. ಆದ್ದರಿಂದ ನದಿಗೆ ಅತಿ ಸಮೀಪದ ಊರು ಮೊದಲು ಬರಿದಾಗುತ್ತಿತ್ತು. ಅದು ಬರಿದಾದ ಕೂಡಲೇ ಅದರ ಹಿಂದಿನ ಊರು ಮುಂಚೂಣಿಗೆ ಬಂದು ಅದೇ ಗತಿಯನ್ನು ಕಾಣುತ್ತಿತ್ತು. ಹೀಗೆ ಹಿಂದೆ ಸರಿದ ಜನವೆಲ್ಲ ದಿಣ್ಣೆಯ ಮೇಲೆ ಸೇರಿ, ಅಲ್ಲಿನ ಮಣ್ಣು ಇನ್ನಷ್ಟು ಬೇಗ ಸವೆಯಿತು. ಹಂಟರ್ ಮುಂದಿಟ್ಟ ಊಹೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮೇಲಿನ ನೆಲ ಸೋತಾಗ ಜನ ಕಣಿವೆಗೆ ಇಳಿಯುವುದು, ಕಣಿವೆಯಲ್ಲಿ ಕಣ್ಣು ಕಳೆದುಕೊಂಡು ಮೇಲಕ್ಕೆ ಹಿಂದಿರುಗುವುದು, ಇದು ಒಂದು ಸಲದ ಘಟನೆಯಲ್ಲ, ತಲೆಮಾರುಗಳ ಮೇಲೆ ಮರಳಿ ಮರಳಿ ಬರುವ ಚಕ್ರ ಎಂದು ಅವರು ವಾದಿಸಿದರು. ಆ ಊಹೆಯ ಎಲ್ಲ ಭಾಗವನ್ನೂ ಒಪ್ಪದಿದ್ದರೂ, ಮಣ್ಣಿನ ಕಥೆಯನ್ನೂ ರೋಗದ ಕಥೆಯನ್ನೂ ಬೇರೆಬೇರೆಯಾಗಿ ಹೇಳಲಾಗದು ಎಂಬ ಅದರ ತಿರುಳು ಇಂದಿಗೂ ಗಟ್ಟಿಯಾಗಿ ನಿಲ್ಲುತ್ತದೆ.

ವಸಾಹತು ಆಡಳಿತಕ್ಕೆ ಈ ತಿರುಳು ಬಹುಕಾಲ ಹಿಡಿಸಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಉತ್ತರದ ಈ ಪ್ರದೇಶಗಳನ್ನು ಗೋಲ್ಡ್ ಕೋಸ್ಟ್‌ನ, ಅಂದರೆ ಇಂದಿನ ಘಾನಾದ, ಭಾಗವಾಗಿ ಆಳತೊಡಗಿದಾಗ, ದಕ್ಷಿಣದ ಚಿನ್ನದ ಗಣಿ ಮತ್ತು ಕೋಕೋ ತೋಟಗಳಿಗೆ ಕೂಲಿಯಾಳು ಒದಗಿಸುವ ಸೀಮೆಯೆಂದೇ ಅದನ್ನು ಮುಖ್ಯವಾಗಿ ಕಂಡರು. ಕರಾವಳಿಯಿಂದ ಹೊರಟ ರೈಲುಹಾದಿ 1903ರಲ್ಲಿ ದಕ್ಷಿಣ ಭಾಗದ ಕುಮಾಸಿ ನಗರದವರೆಗೆ ಬಂದು ನಿಂತಿತು, ಉತ್ತರಕ್ಕೆ ಎಂದೂ ಬರಲಿಲ್ಲ. ಈಶಾನ್ಯದಲ್ಲಿ ಜನ ಹೆಚ್ಚಾಗಿದ್ದಾರೆ, ಮಣ್ಣು ಹಾಳಾಗುತ್ತಿದೆ ಎಂಬುದು ಅಧಿಕಾರಿಗಳಿಗೆ ಕಂಡಿತ್ತು, ಆದರೆ ಅದರ ಹೊಣೆಯನ್ನು ಹೆಚ್ಚಾಗಿ ಹೊರಿಸಿದ್ದು ರೈತರ ಬೇಸಾಯ ಪದ್ಧತಿಯ ಮೇಲೆ. 1950ರ ದಶಕದ ಆರಂಭದಲ್ಲಿ ನೈಋತ್ಯಕ್ಕೆ ಬಹುದೂರದ ಡಮಾಂಗೊದಲ್ಲಿ ಯಂತ್ರಗಳಿಂದ ನೆಲಗಡಲೆ ಬೆಳೆದು, ಈ ಸೀಮೆಯ ಫ್ರಾಫ್ರಾ ಜನಾಂಗದ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸುವ ಯೋಜನೆ ನಡೆಯಿತು. ಕೆಲವೇ ವರ್ಷಗಳಲ್ಲಿ ಅದು ಸೋತಿತು. ಪೂರ್ವಜರ ಸಮಾಧಿಯಿರುವ ಅಂಗಳವನ್ನೂ ಗೊಬ್ಬರ ಉಂಡ ಹಿತ್ತಲನ್ನೂ ಬಿಟ್ಟು ಪರಸೀಮೆಯ ಕಾಡಿಗೆ ಹೋಗಲು ಜನ ಒಪ್ಪದಿದ್ದುದನ್ನು ಹಟವೆಂದು ಬಗೆಯುವುದು ಅನ್ಯಾಯ. ಅವರ ಕೈಯಳತೆಯಲ್ಲೇ ಇದ್ದ ನದಿಯ ನೆಲವನ್ನು ಬದುಕಲು ಯೋಗ್ಯವಾಗಿಸುವ ಕೆಲಸ ಆಗ ಇನ್ನೂ ಶುರುವಾಗಿರಲಿಲ್ಲ.

ನೊಣವೇ ಈ ಜಂತುವನ್ನು ಹರಡುತ್ತದೆ ಎಂದು ಬ್ಲ್ಯಾಕ್‌ಲಾಕ್ ಎಂಬ ವೈದ್ಯವಿಜ್ಞಾನಿ ಸಿಯೆರಾ ಲಿಯೋನ್‌ನಲ್ಲಿ ತೋರಿಸಿಕೊಟ್ಟದ್ದು 1926ರಷ್ಟು ಹಿಂದೆ. 1950ರಲ್ಲಿ ಬ್ರಿಟನ್‌ನಲ್ಲಿ ಅಂಧರಿಗಾಗಿ ಸಂಸ್ಥೆಯೊಂದನ್ನು ಸ್ಥಾಪಿಸಿದ, ಸ್ವತಃ ದೃಷ್ಟಿ ಕಳೆದುಕೊಂಡಿದ್ದ ಜಾನ್ ವಿಲ್ಸನ್ ತಮ್ಮ ಪತ್ನಿ ಜೀನ್ ಅವರೊಂದಿಗೆ ಘಾನಾದ ಉತ್ತರ ಭಾಗಕ್ಕೆ ಬಂದು ನಕಾಂಗ್ ಎಂಬ ಊರಿನ ಸ್ಥಿತಿಯನ್ನು ಕಂಡರು. ನಾಲಿಗೆಗೆ ಒಗ್ಗದ ವೈದ್ಯಕೀಯ ಹೆಸರಿನ ಬದಲು ‘ನದಿ ಕುರುಡು’ ಎಂಬ ಅರ್ಥದ ಹೆಸರನ್ನು ಕೊಟ್ಟವರು ಜೀನ್. ರೋಗಕ್ಕೂ ಹರಿಯುವ ನೀರಿಗೂ ಇರುವ ನಂಟು ಆ ಹೆಸರಿನಿಂದಲೇ ಲೋಕಕ್ಕೆ ಮುಟ್ಟಿತು.

ದೊಡ್ಡ ಪ್ರಯತ್ನ ಮೊದಲಾದದ್ದು 1974ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ವಿಶ್ವಬ್ಯಾಂಕ್‌ನ ಅಧ್ಯಕ್ಷ ರಾಬರ್ಟ್ ಮೆಕ್ನಮಾರಾ ಅಂದಿನ ಅಪ್ಪರ್ ವೋಲ್ಟಾಕ್ಕೆ, ಅಂದರೆ ಇಂದಿನ ಬುರ್ಕಿನಾ ಫಾಸೊಗೆ, ಬಂದು ಈ ರೋಗದ ಹಾವಳಿಯನ್ನು ಕಣ್ಣಾರೆ ಕಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದಂತೆ ಹಲವು ಅಂತಾರಾಷ್ಟ್ರೀಯ ಸಂಸ್ಥೆಗಳು ಕೈಜೋಡಿಸಿ, ಘಾನಾ ಸಹಿತ ಏಳು ದೇಶಗಳಲ್ಲಿ ನೊಣ ನಿಯಂತ್ರಣವನ್ನು ಕೈಗೊಂಡವು. ಮುಂದೆ ಅದು 11 ದೇಶಗಳಿಗೆ ಹರಡಿತು. ಬೆಳೆದ ನೊಣವನ್ನು ಹಿಡಿಯಲಾಗದು, ಆದರೆ ಮರಿಗಳು ಬಂಡೆಗಳಿಗೆ ಅಂಟಿ ಒಂದೇ ಜಾಗದಲ್ಲಿರುತ್ತವೆ. ಹೆಲಿಕಾಪ್ಟರ್‌ಗಳು ನದಿಗಳ ಮೇಲೆ ಹಾರುತ್ತ, ವಾರಕ್ಕೊಮ್ಮೆ, ಹರಿವಿನ ಪ್ರಮಾಣ ಲೆಕ್ಕಹಾಕಿ ಟೆಮೆಫಾಸ್ ಎಂಬ ಔಷಧವನ್ನು ನೀರಿಗೆ ಬಿಡುತ್ತಿದ್ದವು. ಮುಂಗಾರು ಗಾಳಿಯ ಜೊತೆ ನೂರಾರು ಕಿಲೋಮೀಟರ್ ದೂರದಿಂದ ಹೊಸ ನೊಣಗಳು ಬಂದಿಳಿಯುತ್ತಿದ್ದುದರಿಂದ ಒಂದು ನದಿಯನ್ನಷ್ಟೇ ಕಾದರೆ ಪ್ರಯೋಜನವಿರಲಿಲ್ಲ. ಜನರ ಮೈಯೊಳಗಿನ ಜಂತುಗಳು ತಾವಾಗಿ ಸಾಯುವವರೆಗೆ, ಅಂದರೆ ಒಂದೂವರೆ ದಶಕ, ಈ ಕೆಲಸವನ್ನು ಬಿಡದೆ ನಡೆಸಬೇಕಿತ್ತು. 1980ರ ಹೊತ್ತಿಗೆ ನೊಣ ಆ ಔಷಧಕ್ಕೆ ಒಗ್ಗಿಕೊಳ್ಳತೊಡಗಿದಾಗ ಬೇರೆ ಔಷಧಗಳನ್ನು ಸರದಿಯಂತೆ ಬಳಸಿದರು. 1987ರಲ್ಲಿ ಮರ್ಕ್ ಕಂಪನಿ ಐವರ್ಮೆಕ್ಟಿನ್ ಮಾತ್ರೆಯನ್ನು ಈ ರೋಗಕ್ಕಾಗಿ ಉಚಿತವಾಗಿ ಕೊಡುವುದಾಗಿ ಘೋಷಿಸಿತು. ಮಾತ್ರೆ ದೊಡ್ಡ ಜಂತುವನ್ನು ಕೊಲ್ಲದಿದ್ದರೂ ಕಣ್ಣು ತೆಗೆಯುವ ಮರಿಗಳನ್ನು ಕೊಲ್ಲುತ್ತದೆ. 2002ರ ಕೊನೆಗೆ ಕಾರ್ಯಕ್ರಮ ಮುಗಿದಾಗ ಸುಮಾರು 6 ಲಕ್ಷ ಮಂದಿಯ ದೃಷ್ಟಿ ಉಳಿದಿತ್ತೆಂದೂ, ಸುಮಾರು 2.5 ಕೋಟಿ ಹೆಕ್ಟೇರ್ ನೆಲ ಮತ್ತೆ ವಾಸಕ್ಕೂ ಕೃಷಿಗೂ ಒದಗಿತೆಂದೂ ಅಂದಾಜಿಸಲಾಯಿತು. ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ತಾಳ್ಮೆಗೆಡದೆ ನಡೆದ ಕೆಲಸಗಳು ವಿರಳ.

ನೆಲ ಒದಗಿತು ಎಂಬ ಮಾತನ್ನು ಮಾತ್ರ ಎಚ್ಚರದಿಂದ ಓದಬೇಕು. ಕೆಂಪು ವೋಲ್ಟಾದ ಉದ್ದಕ್ಕೂ ಖಾಲಿಬಿದ್ದ ಕಣಿವೆಯ ಬಹುಭಾಗ ಕಾಯ್ದಿಟ್ಟ ಅರಣ್ಯವಾಗಿತ್ತು, ಬುರ್ಕಿನಾದ ಕಾಡುಗಳಿಂದ ಆನೆಗಳು ಇಳಿದುಬರುವ ದಾರಿಯೂ ಅದೇ. ಅರಣ್ಯದ ಗೆರೆಯಾಚೆ ಉತ್ತವನು ಕಾನೂನಿನ ಕಣ್ಣಿಗೆ ಅತಿಕ್ರಮಣಕಾರ, ತನ್ನ ಲೆಕ್ಕದಲ್ಲಿ ಅವನು ಅಜ್ಜನ ಹೊಲಕ್ಕೆ ಮರಳಿದವನು. ಈ ಸೀಮೆಯಲ್ಲಿ ನೆಲದ ಮೇಲಿನ ಹಕ್ಕು ದಾಖಲೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಮನೆತನದ ನೆನಪಿನಲ್ಲಿ, ‘ತಿಂದಾನ’ ಎಂದು ಕರೆಯುವ ನೆಲದ ಪೂಜಾರಿಯ ಒಪ್ಪಿಗೆಯಲ್ಲಿ ಇರುತ್ತದೆ. ಈ ಎರಡು ಲೆಕ್ಕಗಳನ್ನು ಕೂಡಿಸುವ ಕೆಲಸಕ್ಕೆ ಹೆಲಿಕಾಪ್ಟರ್ ಹಾರಿಸುವುದಕ್ಕೆ ಸಿಕ್ಕಷ್ಟು ಹಣವಾಗಲಿ ಗಮನವಾಗಲಿ ಸಿಗಲಿಲ್ಲ ಎಂಬುದು ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಅಂಶ.

ಇತ್ತ ಜನಸಂಖ್ಯೆ ಬೆಳೆಯುತ್ತಲೇ ಇದೆ. 2012ರಲ್ಲಿ ತಲೆನ್ಸಿ–ನಬ್ದಮ್ ಜಿಲ್ಲೆಯಿಂದ ಬೇರ್ಪಟ್ಟು ನಬ್ದಮ್ ಪ್ರತ್ಯೇಕ ಜಿಲ್ಲೆಯಾಯಿತು. 2010ರ ಜನಗಣತಿಯಲ್ಲಿ 33,826 ಇದ್ದ ಇಲ್ಲಿನ ಜನಸಂಖ್ಯೆ 2021ರ ಗಣತಿಯಲ್ಲಿ 50,000ವನ್ನು ದಾಟಿತು. ದಿಣ್ಣೆಯ ಹೊಲಗಳಲ್ಲಿ ಬೀಳು ಬಿಡುವುದು ಅಪರೂಪವಾಗಿದೆ. ಬೇಗ ಬರುವ ಸಜ್ಜೆಯ ಜಾಗಕ್ಕೆ ಮೆಕ್ಕೆಜೋಳ ಬರುತ್ತಿದೆ. ಕೊಂಡು ತಂದ ಗೊಬ್ಬರ ಹಾಕಿದರೆ ಅದು ಹೆಚ್ಚು ಕಾಳು ಕೊಡುತ್ತದೆ, ಮಳೆ ನಡುವೆ ಕೈಕೊಟ್ಟರೆ ಸಜ್ಜೆಯ ಹಾಗೆ ತಡೆದುಕೊಳ್ಳುವುದಿಲ್ಲ. ಒಣಗಾಲದಲ್ಲಿ ತರುಣರು ಕುಮಾಸಿ, ಅಕ್ರಾಗಳಿಗೆ ಕೂಲಿಗೆ ಹೋಗುತ್ತಾರೆ. ಆ ನಗರಗಳ ಸಂತೆಗಳಲ್ಲಿ ತಲೆಹೊರೆ ಹೊರುವ ಹುಡುಗಿಯರಲ್ಲಿ ಬಹಳಷ್ಟು ಮಂದಿ ಉತ್ತರದ ಜಿಲ್ಲೆಗಳವರು. ಊರಲ್ಲೇ ಉಳಿದವರಲ್ಲಿ ಹಲವರನ್ನು ಚಿನ್ನ ಕರೆಯುತ್ತದೆ. 1930ರ ದಶಕದಲ್ಲಿ ಕಂಪನಿಯ ಗಣಿ ಕೆಲಕಾಲ ನಡೆದು ಮುಚ್ಚಿದ್ದ ನಂಗೋಡಿಯ ಗುಡ್ಡಗಳಲ್ಲಿ 1990ರ ದಶಕದಿಂದ ಈಚೆಗೆ ಜನ ತಾವೇ ಗುಂಡಿ ತೋಡಿ ಅದಿರು ತೆಗೆಯುತ್ತಿದ್ದಾರೆ. ಹಾಗೆ ತೋಡಿದ ನೆಲದಲ್ಲಿ ಮತ್ತೆ ಬಿತ್ತುವುದು ಕಷ್ಟ.

ನದಿಯಲ್ಲಿ ನೊಣ ಇನ್ನೂ ಇದೆ, ರೋಗ ಘಾನಾದಿಂದ ಪೂರ್ತಿ ಹೋಗಿಲ್ಲ. ಊರಿನವರೇ ಆದ ಸ್ವಯಂಸೇವಕರು ಎತ್ತರ ಅಳೆಯುವ ಕೋಲು ಹಿಡಿದು ಮನೆಮನೆಗೆ ಹೋಗಿ, ಎಷ್ಟು ಎತ್ತರದವರಿಗೆ ಎಷ್ಟು ಮಾತ್ರೆ ಎಂದು ಗುರುತು ನೋಡಿ ಐವರ್ಮೆಕ್ಟಿನ್ ಹಂಚುತ್ತಾರೆ. ದಕ್ಷಿಣಕ್ಕೆ ಕೂಲಿಗೆ ಹೋದವರ ಮನೆಗೆ ಅವರು ಮತ್ತೊಮ್ಮೆ ಬರಬೇಕಾಗುತ್ತದೆ.