ಕೂಸಿಗಿಂತ ಮೊದಲು ಕುಲಾವಿ

ಬೆಳಗ್ಗೆ ಆರು ಗಂಟೆಗೆ ಫೋನ್ ಬಂದರೆ ಅದು ಅಮೆರಿಕದ್ದೇ ಅಂತ ನನಗೆ ಗೊತ್ತಾಗುತ್ತದೆ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಊಟದ ಹೊತ್ತು. ಸೌದಿಯಲ್ಲಿರುವವರು ಶುಕ್ರವಾರ ಮಾಡುತ್ತಾರೆ. ಮಾತು ಮಾತ್ರ ಎಲ್ಲರದೂ ಒಂದೇ.

"ಮೇಡಮ್ರಿ, ನಮ್ಮ ತಮ್ಮನ ಕೂಸು ದತ್ತಕ ತಗೊಂಡೀವ್ರಿ. ಬಾಂಡ್ ಬರೆಸಿ ರಿಜಿಸ್ಟರ್ ಸೈತ ಆಗ್ಯದ. ಈಗ ವೀಸಾಕ್ಕ ಏನ್ ಮಾಡಬೇಕ್ರಿ?"

ಆ "ತಗೊಂಡೀವ್ರಿ" ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಎದೆ ಧಸಕ್ಕೆನ್ನುತ್ತದೆ. "ತಗೋಬೇಕಂತೀವ್ರಿ" ಅಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕಲಬುರಗಿಯಲ್ಲಿ ವಕೀಲಳಾಗಿ ಮನೆತನದ ವ್ಯಾಜ್ಯಗಳನ್ನು ನೋಡುತ್ತಾ ಬಹಳ ವರ್ಷ ಆಯಿತು. ಆಸ್ತಿ ಪಾಲು, ಜೀವನಾಂಶ, ವಿಚ್ಛೇದನ ಎಲ್ಲವೂ ಬರುತ್ತವೆ. ಅವುಗಳಲ್ಲಿ ತಪ್ಪು ಮಾಡಿದವರಿಗೆ ಏನಾದರೂ ಒಂದು ದಾರಿ ಹುಡುಕಿ ಕೊಡಬಹುದು. ವಿದೇಶದಲ್ಲಿರುವವರ ದತ್ತಕದಲ್ಲಿ ಹೆಜ್ಜೆ ಹಿಂದುಮುಂದಾದರೆ ಸರಿಮಾಡುವುದು ಬಹಳ ಕಷ್ಟ. ಮುಂದಿನ ಕಥೆಗಳಲ್ಲಿ ಊರು, ಸಂಬಂಧ, ವಿವರ ಬದಲಿಸಿದ್ದೇನೆ. ತಪ್ಪು ಮಾತ್ರ ನಡೆದಂತೆಯೇ ಇದೆ.

"ಕೂಸು ಹುಟ್ಟುವ ಮುಂಚೆ ಕುಲಾವಿ" ಅಂತ ನಮ್ಮಲ್ಲಿ ಆತುರದವರಿಗೆ ಹೇಳುತ್ತಾರೆ ಅಲ್ವಾ? ಈ ಒಂದು ಕೆಲಸದಲ್ಲಿ ಆ ಗಾದೆ ತಿರುಗಿ ನಿಲ್ಲುತ್ತದೆ. ಇಲ್ಲಿ ಕುಲಾವಿಯೇ ಮೊದಲು, ಕೂಸು ಆಮೇಲೆ. ನೀವಿರುವ ದೇಶದ ಕಾಗದ ಮೊದಲು. ಇಲ್ಲಿಯ ದತ್ತಕ ಆಮೇಲೆ.

ಸೇಡಂ ಕಡೆಯ ಒಂದು ಮನೆ. ಅಣ್ಣ, ಅತ್ತಿಗೆ ಇಬ್ಬರೂ ಟೆಕ್ಸಸ್‌ನಲ್ಲಿ, ಅಮೆರಿಕದ ನಾಗರಿಕರು. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ. ತಮ್ಮನಿಗೆ ಮೂರನೆಯ ಹೆಣ್ಣು ಮಗು ಹುಟ್ಟಿತು. ಅವ್ವನೇ ಮುಂದೆ ನಿಂತು "ಇದನ್ನ ಅಣ್ಣನ ಉಡಿಗೆ ಹಾಕರಿ" ಅಂದಳು. ಅವರು ಬಂದರು, ತೊಟ್ಟಿಲು ಆಯಿತು, ಊರಿಗೆಲ್ಲ ಹೋಳಿಗೆ ಊಟ ಆಯಿತು. ಪರಿಚಯದ ಬರಹಗಾರರೊಬ್ಬರು ಬಾಂಡ್, ಅಂದರೆ ದತ್ತಕ ಪತ್ರ, ಬರೆದರು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಯಿತು. ರಜೆ ಮುಗಿಯಿತು. ಮಗುವನ್ನು ಅವ್ವನ ಹತ್ತಿರ ಬಿಟ್ಟು, "ಎರಡು ತಿಂಗಳದಾಗ ವೀಸಾ ಮಾಡಿಸಿ ಕರಕೊಂಡು ಹೋಗ್ತೀವಿ" ಅಂತ ಹೊರಟರು.

ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಇದೇ ಸೇಡಂನಲ್ಲಿ. ಒಮ್ಮೆ ಅಜ್ಜಿ ಅವಳನ್ನು ನನ್ನ ಆಫೀಸಿಗೆ ಕರೆದುಕೊಂಡು ಬಂದಿದ್ದರು. ಮೇಜಿನ ಮೇಲಿದ್ದ ನನ್ನ ಫೋನ್ ಎತ್ತಿ ಕಿವಿಗೆ ಹಿಡಿದಳು. ಯಾರ ಜೊತೆ ಮಾತಾಡ್ತಿ ಅಂತ ಕೇಳಿದೆ. "ಅವ್ವನ ಜೋಡಿ. ನಮ್ಮವ್ವ ಫೋನಿನ್ಯಾಗ ಇರ್ತಾಳ" ಅಂದಳು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಸುಮ್ನೆ ಫೈಲಿನ ಹಾಳೆ ತಿರುವುತ್ತಾ ಕೂತೆ.

ಹೀಗೇಕೆ ಆಯಿತು? ಬಾಂಡ್ ತಪ್ಪಾಗಿರಲಿಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ ಪ್ರಕಾರ ಕೊಡುವವರು ಕೊಟ್ಟಿದ್ದರು, ತೆಗೆದುಕೊಳ್ಳುವವರು ತೆಗೆದುಕೊಂಡಿದ್ದರು. ಭಾರತದ ಒಳಗೆ ಆಸ್ತಿ, ವಾರಸುದಾರಿಕೆಯ ಲೆಕ್ಕಕ್ಕೆ ಅದು ಗಟ್ಟಿ ಕಾಗದ. ಆದರೆ ಮಗು ಗಡಿ ದಾಟಬೇಕು ಅಂದ ಕೂಡಲೇ ಲೆಕ್ಕ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 56ನೇ ಕಲಂ ಸ್ಪಷ್ಟವಾಗಿದೆ: ದೇಶದಿಂದ ದೇಶಕ್ಕೆ ಆಗುವ ದತ್ತಕಗಳೆಲ್ಲ ಈ ಕಾಯ್ದೆಯ ದಾರಿಯಲ್ಲೇ ಆಗಬೇಕು. ಸಂಬಂಧಿಕರ ಮಗುವಾದರೂ ಅಷ್ಟೇ. ಮೇಲೆ, ದೇಶ ದಾಟುವ ದತ್ತಕಗಳ ಬಗ್ಗೆ ದೇಶಗಳು ಮಾಡಿಕೊಂಡ 1993ರ ಹೇಗ್ ಒಪ್ಪಂದ ಇದೆ. ಭಾರತ ಅದನ್ನು 2003ರಲ್ಲಿ ಒಪ್ಪಿಕೊಂಡಿದೆ, ಅಮೆರಿಕದಲ್ಲಿ ಅದು 2008ರಿಂದ ಜಾರಿಯಲ್ಲಿದೆ. ಎರಡೂ ದೇಶ ಮೊದಲು ಹೂಂ ಅನ್ನಬೇಕು, ಆಮೇಲೆ ದತ್ತಕ.

ಅಮೆರಿಕದವರು ಕೇಳುವುದು ಹೀಗೆ. ಮೊದಲು ಐ-800ಎ ಅರ್ಜಿ, ಅಂದರೆ ನೀವು ದತ್ತಕಕ್ಕೆ ತಕ್ಕವರು ಅಂತ ಒಪ್ಪಿಗೆ. ಆಮೇಲೆ ಈ ಮಗುವಿಗಾಗಿಯೇ ಐ-800, ಅದಕ್ಕೆ ತಾತ್ಕಾಲಿಕ ಒಪ್ಪಿಗೆ. ಅದಾದ ಮೇಲೆ ಇಲ್ಲಿ ದತ್ತಕ. ಸೇಡಂನವರು ಕೊನೆಯದನ್ನು ಮೊದಲು ಮಾಡಿ ಮುಗಿಸಿದ್ದರು.

"ಹಂಗಾದ್ರ ಬಾಂಡ್ ಕ್ಯಾನ್ಸಲ್ ಮಾಡಿ ಹೊಸದಾಗಿ ಶುರು ಮಾಡೋಣ್ರಿ" ಅಂತ ಎಲ್ಲರೂ ಹೇಳುತ್ತಾರೆ. ಆಗುವುದಿಲ್ಲ. ಅದೇ 1956ರ ಕಾಯ್ದೆಯ 15ನೇ ಕಲಂ ಓದಿ. ಸರಿಯಾಗಿ ಆದ ದತ್ತಕವನ್ನು ತೆಗೆದುಕೊಂಡವರೂ ರದ್ದು ಮಾಡುವಂತಿಲ್ಲ, ಬೇರೆ ಯಾರೂ ಮಾಡುವಂತಿಲ್ಲ. ಹೆತ್ತ ತಾಯಿ ಕಾನೂನಿನ ಪ್ರಕಾರ ಇನ್ನು ತಾಯಿ ಅಲ್ಲ. ಕಾನೂನಿನ ತಾಯಿ ಟೆಕ್ಸಸ್‌ನಲ್ಲಿ. ಮಗು ಅಜ್ಜಿಯ ಹತ್ತಿರ. ಇಷ್ಟು ಪ್ರೀತಿಯಿಂದ ಮಾಡಿದ ಕೆಲಸ ಮಗುವನ್ನು ಇಂಥ ಜಾಗದಲ್ಲಿ ತಂದು ನಿಲ್ಲಿಸಿತಲ್ಲ ಅನ್ನೋದೇ ನನ್ನ ಸಂಕಟ.

2021ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂದು, ಹೀಗೆ ಹಿಂದೂ ಕಾಯ್ದೆಯಲ್ಲಿ ದತ್ತಕ ಮಾಡಿಕೊಂಡ ವಿದೇಶವಾಸಿಗಳಿಗೂ ಒಂದು ದಾರಿ ತೆರೆಯಿತು. ಜಿಲ್ಲಾಧಿಕಾರಿಗಳ ಕಡೆಯಿಂದ ಪರಿಶೀಲನೆ ಆಗಿ ವರದಿ ಹೋಗಬೇಕು. ಆಮೇಲೆ ದೆಹಲಿಯ ಕಾರಾ, ಅಂದರೆ ಕೇಂದ್ರ ದತ್ತು ಸ್ವೀಕಾರ ಸಂಪನ್ಮೂಲ ಪ್ರಾಧಿಕಾರ, ನಿರಾಕ್ಷೇಪಣಾ ಪತ್ರ ಕೊಡಬಹುದು. ಆದರೆ ಮಗುವನ್ನು ಕರೆಸಿಕೊಳ್ಳುವ ದೇಶವೂ ಒಪ್ಪಬೇಕು. ಈ ದಾರಿ ಇದೆಯಲ್ಲ, ಬಾಂಡ್ ಮಾಡಿಸಿಬಿಡೋಣ ಅಂತ ಯಾರೂ ಹೊರಡಬೇಡಿ. ಅದು ಜಾರಿ ಬಿದ್ದವರನ್ನು ಎತ್ತಲು ಮಾಡಿದ್ದು. ಪ್ರತಿ ಮನೆಯ ಸ್ಥಿತಿ ಬೇರೆ ಬೇರೆ, ಇಲ್ಲಿ ಓದಿದ್ದನ್ನೇ ನಂಬಿ ಅರ್ಜಿ ಹಾಕಬೇಡಿ. ಕಾಗದ ತೋರಿಸಿ ಕೇಳಿ.

ಸರಿಯಾದ ಕ್ರಮವನ್ನು ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವಿರುವ ದೇಶದಲ್ಲಿ ಕಾರಾ ಮಾನ್ಯ ಮಾಡಿದ ಏಜೆನ್ಸಿ ಇರುತ್ತದೆ, ಇಲ್ಲವೇ ಆ ದೇಶದ ಸರ್ಕಾರದ ಪ್ರಾಧಿಕಾರ. ಎರಡೂ ಇಲ್ಲದ ಕಡೆ ಭಾರತದ ರಾಯಭಾರ ಕಚೇರಿ. ಮೊದಲು ಅಲ್ಲಿಗೆ ಹೋಗಿ. ಅವರು ನಿಮ್ಮ ಮನೆಗೆ ಬಂದು, ನಿಮ್ಮ ಆದಾಯ, ಆರೋಗ್ಯ, ಗಂಡ ಹೆಂಡತಿ ಹೇಗಿದ್ದೀರಿ ಎಲ್ಲ ನೋಡಿ ಹೋಂ ಸ್ಟಡಿ ವರದಿ ಬರೆಯುತ್ತಾರೆ. ಅದು ಕಾರಾದ ಕೇರಿಂಗ್ಸ್ ಪೋರ್ಟಲ್‌ಗೆ ಏರುತ್ತದೆ. ಆಗ ಇಲ್ಲಿ ನಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮಗುವಿನ ಮನೆಗೆ ಹೋಗಿ ಕುಟುಂಬದ ವರದಿ ಮಾಡುತ್ತಾರೆ. ಆ ವರದಿ ಮತ್ತೆ ನಿಮ್ಮ ದೇಶಕ್ಕೆ ಹೋಗುತ್ತದೆ. ಅವರು ಒಪ್ಪಿದರೆ ಕಾರಾದ ಪೂರ್ವಾನುಮತಿ. ಅದು ಕೈಗೆ ಬಂದ ಮೇಲೆ ಇಲ್ಲಿ ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ, ಅವರ ಆದೇಶ. 2022ರ ಸೆಪ್ಟೆಂಬರ್ 1ಕ್ಕಿಂತ ಮೊದಲು ಈ ಆದೇಶ ಕೋರ್ಟಿನಿಂದ ಆಗಬೇಕಿತ್ತು, ಈಗ ಮಿನಿ ವಿಧಾನಸೌಧದಲ್ಲೇ ಆಗುತ್ತದೆ. ಆದೇಶದ ಮೇಲೆ ಕಾರಾದ ನಿರಾಕ್ಷೇಪಣಾ ಪತ್ರ, ಹೇಗ್ ಒಪ್ಪಂದದ ಪ್ರಮಾಣಪತ್ರ. ಆಮೇಲೆ ಪಾಸ್‌ಪೋರ್ಟ್. ಕೊನೆಗೆ ವೀಸಾ. ಮಗುವಿಗೆ 5 ವರ್ಷ ಆಗಿದ್ದರೆ ಅದರ ಒಪ್ಪಿಗೆಯನ್ನೂ ಕೇಳುತ್ತಾರೆ, ಕೇಳಲೇಬೇಕು.

"ಮನಿ ಕೂಸಿಗೆ ಇಷ್ಟೆಲ್ಲ ಯಾಕ್ರಿ? ನಮ್ಮ ಮ್ಯಾಲ ಸಂಶಯ ಏನ್ರಿ?" ಅಂತ ಹಿರಿಯರು ನೊಂದುಕೊಳ್ಳುತ್ತಾರೆ. ನಿಮ್ಮ ಮೇಲೆ ಸಂಶಯ ಇಲ್ಲ. ಬಡವರ ಮಕ್ಕಳನ್ನು ದುಡ್ಡಿಗೆ ಕೊಂಡು ಹೊರದೇಶಕ್ಕೆ ಸಾಗಿಸಿದವರು ಇದ್ದರು. 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೊದಲ ಸಲ ಇದಕ್ಕೆ ಕಟ್ಟುನಿಟ್ಟು ಮಾಡಿತು. ಆ ಬೇಲಿ ಎಲ್ಲ ಮಕ್ಕಳಿಗೂ ಹಾಕಿದ್ದು. ನಿಮ್ಮ ಮನೆಯ ಕೂಸಿಗೂ ಅದೇ ಕಾವಲು.

ಇನ್ನು "ತಮ್ಮ" ಅನ್ನೋ ಪದ. ಇದರಿಂದ ಆದ ಅನಾಹುತ ಒಂದೆರಡಲ್ಲ. ನಮ್ಮಲ್ಲಿ ಕಾಕಾನ ಮಗನೂ ತಮ್ಮ, ದೊಡ್ಡವ್ವನ ಮಗನೂ ತಮ್ಮ. ಕೂಡಿ ಬೆಳೆದಿರುತ್ತಾರೆ, ಬೇರೆ ಹೆಸರು ಯಾಕೆ ಬೇಕು? ಆದರೆ ಬಾಲನ್ಯಾಯ ಕಾಯ್ದೆ "ಸಂಬಂಧಿ" ಅಂದರೆ ಯಾರು ಅಂತ ಎಣಿಸಿ ಇಟ್ಟಿದೆ. ಮಗುವಿನ ಕಾಕಾ, ದೊಡ್ಡಪ್ಪ, ಅತ್ತಿ, ಸೋದರಮಾವ, ಚಿಗವ್ವ, ದೊಡ್ಡವ್ವ, ಎರಡೂ ಕಡೆಯ ಅಜ್ಜ ಅಜ್ಜಿ. ಅಪ್ಪ ಅವ್ವನ ಒಡಹುಟ್ಟಿದವರು ಅಂತ ಅರ್ಥ. ಕಾಕಾನ ಮಗನ ಕೂಸು ಈ ಪಟ್ಟಿಯಲ್ಲಿ ಇಲ್ಲ. ಆರು ತಿಂಗಳು ಓಡಾಡಿದ ಮೇಲೆ, ವಂಶವೃಕ್ಷ ತರಿಸಿದಾಗ ಇದು ಹೊರಗೆ ಬಿದ್ದ ಕೇಸು ಇದೆ. ಅದಕ್ಕೇ ಈಗ ಮೊದಲ ಫೋನಿನಲ್ಲೇ ಕೇಳುತ್ತೇನೆ: ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರೇನ್ರಿ? ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಅಮೆರಿಕದ ಐ-800ಎ ಅಲ್ಲಿಯ ನಾಗರಿಕರಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದವರ, ಕೆಲಸದ ವೀಸಾದಲ್ಲಿ ಇದ್ದವರ ದಾರಿ ಬೇರೆ. ಅಲ್ಲಿ ಮಗುವಿನ ಜೊತೆ ಎರಡು ವರ್ಷ ವಾಸದ ಲೆಕ್ಕ ಬರುತ್ತದೆ. ಅದನ್ನು ಅಲ್ಲಿಯ ವಲಸೆ ವಕೀಲರೇ ಹೇಳಬೇಕು. ಅವರಿಗೆ ಕೊಡುವ ಫೀಸು ಜಾಸ್ತಿ ಅನ್ನಿಸಿದರೂ ಮೊದಲೇ ಕೊಟ್ಟು ಕೇಳಿ.

ದರ್ಗಾ ಕಡೆಯ ಒಂದು ಮುಸ್ಲಿಂ ಕುಟುಂಬ, ಗಂಡ ಹೆಂಡತಿ ಗಲ್ಫ್‌ನಲ್ಲಿ. "ನಿಮ್ಮಲ್ಲಿ ದತ್ತಕವೇ ಇಲ್ಲ" ಅಂತ ಯಾರೋ ಹೇಳಿದ್ದನ್ನು ಕೇಳಿ ನಾಲ್ಕು ವರ್ಷ ಸುಮ್ಮನೆ ಕೂತಿದ್ದರು. 1956ರ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ, ನಿಜ. ಬಾಲನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಯಾರಿಗೂ ಒತ್ತಾಯ ಇಲ್ಲ, ಬೇಕಾದವರಿಗೆ ಬಾಗಿಲು ತೆರೆದಿದೆ. ಆದರೆ ದತ್ತು ಮಗುವಿಗೆ ಆ ದೇಶ ವಾಸದ ಪರವಾನಗಿ ಕೊಡುತ್ತದೆಯೇ ಅನ್ನೋದನ್ನು ಮೊದಲು ಅಲ್ಲೇ ವಿಚಾರಿಸಿ. ಮತ್ತೆ ಅದೇ ಮಾತು. ಮೊದಲು ಅಲ್ಲಿ.

ಮನೆ ಮಗುವಲ್ಲ, "ದವಾಖಾನಿಯಾಗ ಒಂದು ಕೂಸು ಅದಂತ್ರಿ, ಕೊಡ್ತಾರಂತ" ಅಂತ ಬರುವವರಿಗೆ ನನ್ನ ಉತ್ತರ ಚಿಕ್ಕದು. ಬೇಡ. ಅನಾಥ ಮಗು, ಬಿಟ್ಟುಹೋದ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ತಾಯಿ ಒಪ್ಪಿಸಿದ ಮಗುವಾದರೆ ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳು ಕೊಡಬೇಕು. ನೇರವಾಗಿ ಪಡೆದರೆ ಬಾಲನ್ಯಾಯ ಕಾಯ್ದೆಯ 80ನೇ ಕಲಂ, 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ದಂಡ ಅಥವಾ ಎರಡೂ. ದುಡ್ಡು ಕೈ ಬದಲಾದರೆ 81, ಅದು ಇನ್ನೂ ಬಿಗಿ.

ಈಗ ನನ್ನ ಮೇಜಿನ ಮೇಲಿರುವ ಒಂದು ಫೈಲಿನ ಬಗ್ಗೆ. ಅಕ್ಕ ನ್ಯೂಜೆರ್ಸಿಯಲ್ಲಿ, ಅಲ್ಲಿಯ ನಾಗರಿಕಳು. ತಂಗಿ ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ. ಅಕ್ಕ ಫೋನ್ ಮಾಡಿದಾಗ "ತಗೋಬೇಕಂತ ಮಾಡೀವ್ರಿ, ಇನ್ನಾ ಏನೂ ಬರೆಸಿಲ್ರಿ" ಅಂದಳು. ಅಷ್ಟು ಕೇಳಿ ನಿದ್ದೆಗಣ್ಣಲ್ಲೂ ಎದ್ದು ಕೂತೆ. ಏನೂ ಬರೆಸಬೇಡ, ಅರಿಶಿನ ಕುಂಕುಮ ಹಚ್ಚಿದ ಒಂದು ಕಾಗದವನ್ನೂ ಮಾಡಬೇಡ ಅಂದೆ.

ಎರಡು ದಿನ ಬಿಟ್ಟು ತಂಗಿ ಬಂದಳು, ಜೊತೆಗೆ ಅತ್ತೆ. ಮಗುವಿಗೆ ನಾಲ್ಕು ತಿಂಗಳು. ಅತ್ತೆಯೇ ಎಲ್ಲ ಮಾತಾಡುತ್ತಿದ್ದರು. ನಾನು ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, ತಂಗಿಯ ಜೊತೆ ಒಬ್ಬಳೇ ಕೂತೆ. ಇದನ್ನು ನಾನು ಎಂದೂ ಬಿಡುವುದಿಲ್ಲ. ಕೊಡುವ ತಾಯಿಯ ಬಾಯಿಂದ, ಯಾರೂ ಇಲ್ಲದಾಗ, ಒಂದು ಮಾತು ಕೇಳಬೇಕು. ಅವಳು ಮಗುವಿನ ಕುಂಚಿಗೆಯ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಾ ಕೂತಳು. ಬಹಳ ಹೊತ್ತಾದ ಮೇಲೆ ಕೇಳಿದಳು.

"ಈಗ ಮೊಲಿ ಬಿಡಸಬೇಕೇನ್ರಿ ಅಕ್ಕಾರ?"

ಬಿಡಸಬ್ಯಾಡವ್ವ ಅಂದೆ. ಈ ಕೆಲಸ ಮುಗಿಯಲು ವರ್ಷ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ಅಲ್ಲಿಯವರೆಗೆ ಕೂಸು ನಿನ್ನದೇ, ನಿನ್ನ ಹತ್ತಿರವೇ ಇರಲಿ. ನಡುವೆ ಎಂದಾದರೂ ಮನಸ್ಸು ಒಪ್ಪಲಿಲ್ಲ ಅಂದರೆ ನನಗೊಂದು ಫೋನ್ ಮಾಡು, ಅತ್ತೆಗೆ, ಅಕ್ಕನಿಗೆ ನಾನೇ ಹೇಳುತ್ತೇನೆ ಅಂದೆ. ಅವಳು ಉತ್ತರ ಕೊಡಲಿಲ್ಲ. ಮಗುವನ್ನು ಸೆರಗಿನೊಳಗೆ ತೆಗೆದುಕೊಂಡು ಅಲ್ಲೇ ಹಾಲು ಕುಡಿಸಿದಳು.

ಅದೇ ಸಂಜೆ ಅಕ್ಕನಿಗೂ ಇದನ್ನು ಹೇಳಿದೆ. ಅವಳು ಅತ್ತಳು, ಆಮೇಲೆ "ಆಕಿ ಒಪ್ಪಿದ್ರಷ್ಟೇ ಆಗ್ಲಿ ಮೇಡಮ್" ಅಂದಳು. ಕಾಯುವವರ ಕಷ್ಟ ನನಗೆ ಗೊತ್ತು. ಹತ್ತು ವರ್ಷ ಕಾದವರಿಗೆ ಇನ್ನೊಂದು ವರ್ಷ ಕಾಯಿರಿ ಅನ್ನುವುದು ಸುಲಭದ ಮಾತಲ್ಲ. ತೊಟ್ಟಿಲು ತಂದಿಟ್ಟುಕೊಂಡು ದಿನಾ ಅದನ್ನು ಒರೆಸುತ್ತೇನೆ ಅಂತ ಅವಳೇ ಹೇಳಿದಳು.

ಹೋದ ವಾರ ಅಲ್ಲಿಯ ಹೋಂ ಸ್ಟಡಿ ಮುಗಿಯಿತು ಅಂತ ಮೆಸೇಜ್ ಬಂದಿದೆ. ಈಗ ಕಾಗದಗಳನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದೇನೆ. ಅಕ್ಕನ ಮದುವೆ ಸರ್ಟಿಫಿಕೇಟ್ 2014ಕ್ಕಿಂತ ಹಿಂದಿನದು, ಅದರಲ್ಲಿ ಊರು ಗುಲ್ಬರ್ಗಾ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ಕಲಬುರಗಿ. ತಂಗಿಯ ಹೆಸರು ಆಧಾರ್‌ನಲ್ಲಿ ಒಂದು ತರ, ದವಾಖಾನೆಯ ಚೀಟಿಯಲ್ಲಿ ಇನ್ನೊಂದು ತರ. ಇಬ್ಬರೂ ಒಡಹುಟ್ಟಿದವರು ಅಂತ ತೋರಿಸಲು ಶಾಲೆಯ ಟಿಸಿ ಬೇಕು, ಅದು ಹಳ್ಳಿಯ ಮನೆಯ ಟ್ರಂಕಿನಲ್ಲಿ ಇದೆಯಂತೆ. ಸೋಮವಾರ ತರಲು ಹೇಳಿದ್ದೇನೆ. ಮಗುವನ್ನೂ ಕರೆದುಕೊಂಡು ಬಾ, ಬಿಸಿಲು ಏರುವ ಮೊದಲು ಹೊರಡು ಅಂತಲೂ ಹೇಳಿದ್ದೇನೆ.