ಮಹಾಸ್ಫೋಟ ಆದ ಜಾಗ ಯಾವ ದಿಕ್ಕಿಗಿದೆ?

ಪ್ರಶ್ನೆ: ಸರ್, ಮಹಾಸ್ಫೋಟ ಆಕಾಶದಲ್ಲಿ ಯಾವ ಕಡೆ ಆಯ್ತು? ದೊಡ್ಡ ದೂರದರ್ಶಕ ಇದ್ದರೆ ಆ ಜಾಗ ಕಾಣುತ್ತಾ?

ಮತ್ತೆ ಬಂತು ನೋಡಿ! ಗೋಕಾಕದಿಂದ ಬಂದರೂ ಇದೇ ಪ್ರಶ್ನೆ, ಇಂಡಿಯಿಂದ ಬಂದರೂ ಇದೇ. ಮಹಾಸ್ಫೋಟದಿಂದ ಶುರುವಾದ ಬ್ರಹ್ಮಾಂಡಕ್ಕೆ ಸುಮಾರು 1380 ಕೋಟಿ ವರ್ಷ ಅನ್ನೋದು ಎಲ್ಲರಿಗೂ ಬಾಯಿಪಾಠ. ತಲೆಯಲ್ಲಿ ಕೂತಿರೋದು ಮಾತ್ರ ಟೀವಿಯ ಚಿತ್ರ: ಸುತ್ತ ಖಾಲಿ ಕತ್ತಲು, ನಡುವೆ ಒಂದು ಉಂಡೆ, ಢಂ ಅಂತ ಸಿಡಿದು ಚೂರುಗಳು ಹಾರಿದವು. ಅದನ್ನು ದಯವಿಟ್ಟು ಅಳಿಸಿಬಿಡಿ. ಸಿದ್ಧಾಂತ ಹೇಳೋದು ಜಾಗವೇ ಹಿಗ್ಗಿತು ಅಂತ. ನೀವು ಕೂತಿರುವ ಜಾಗವೂ ಆಗ ಸುಡುತ್ತಿತ್ತು, ಆಂಡ್ರೊಮಿಡಾ ಅನ್ನೋ ದೂರದ ಗ್ಯಾಲಕ್ಸಿ (ನಕ್ಷತ್ರಗಳ ಭಾರೀ ಗುಂಪು) ಇರುವ ಜಾಗವೂ ಸುಡುತ್ತಿತ್ತು. ಆದದ್ದು ಎಲ್ಲ ಕಡೆ.

ಸಂಕ್ರಾಂತಿಗೆ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ತಟ್ಟೋದನ್ನು ನೋಡಿದ್ದೀರಲ್ಲ? ತಟ್ಟಿದಷ್ಟೂ ಎಳ್ಳುಗಳ ನಡುವೆ ಅಂತರ ಬೀಳುತ್ತದೆ. ಯಾವ ಎಳ್ಳಿನಿಂದ ನೋಡಿದರೂ ಉಳಿದವು ಅದರಿಂದಲೇ ದೂರ ಹೋದಂತೆ, ದೂರದ್ದು ಇನ್ನೂ ಜಾಸ್ತಿ ಸರಿದಂತೆ. 1929ರಲ್ಲಿ ಖಗೋಳ ವಿಜ್ಞಾನಿ ಹಬಲ್ ಗ್ಯಾಲಕ್ಸಿಗಳಲ್ಲಿ ಕಂಡದ್ದು ಇದನ್ನೇ. ಎಳ್ಳು ಮಾತ್ರ ಉಬ್ಬೋದಿಲ್ಲ. ನಮ್ಮ ಗ್ಯಾಲಕ್ಸಿಯನ್ನೂ ಗುರುತ್ವ ಹಾಗೇ ಹಿಡಿದಿಟ್ಟಿದೆ. ‘ರೊಟ್ಟಿಗೆ ಅಂಚು, ನಡು ಎರಡೂ ಇದೆಯಲ್ಲ ಸರ್’ ಅಂತ ಒಬ್ಬ ಹುಡುಗ ತಕರಾರು ತೆಗೆದ. ಶಾಭಾಷ್! ಬ್ರಹ್ಮಾಂಡಕ್ಕೆ ಅವೆರಡೂ ಇರುವ ಕುರುಹು ಸಿಕ್ಕಿಲ್ಲ, ಹೋಲಿಕೆ ಅಲ್ಲಿಗೆ ಮುಗೀತು.

ಸಾಕ್ಷಿ ಬೇಕಾ? 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ರೇಡಿಯೋ ಆಂಟೆನಾವನ್ನು ಎತ್ತ ತಿರುಗಿಸಿದರೂ ಒಂದೇ ಸಮನೆ ಗೊರಗೊರ. ಒಳಗೆ ಪಾರಿವಾಳಗಳ ಹಿಕ್ಕೆ ಬಿದ್ದಿತ್ತು, ಅದನ್ನೂ ತೆಗೆದರು. ಗೊರಗೊರ ನಿಲ್ಲಲಿಲ್ಲ. ಬ್ರಹ್ಮಾಂಡಕ್ಕೆ ಸುಮಾರು 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು ಅದು, ಹಿಗ್ಗಿ ಹಿಗ್ಗಿ ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆ ಆಗಿದೆ. ಒಂದು ಮೂಲೆಯಲ್ಲಿ ಸಿಡಿದಿದ್ದರೆ ಆ ಮೂಲೆಯಿಂದ ಬರಬೇಕಿತ್ತು, ಅಲ್ವಾ?

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮಹಾಸ್ಫೋಟವನ್ನು ಒಪ್ಪದ ದೊಡ್ಡ ವಿಜ್ಞಾನಿಯೊಬ್ಬರು ನಮ್ಮ ನೆರೆಯವರೇ: ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಲಾಪುರದಲ್ಲಿ 1938ರಲ್ಲಿ ಹುಟ್ಟಿದ ಜಯಂತ್ ನಾರ್ಳೀಕರ್. ಅವರ ಗುರು ಫ್ರೆಡ್ ಹಾಯ್ಲ್, ಜೊತೆಗೆ ಬಾಂಡಿ ಮತ್ತು ಗೋಲ್ಡ್, 1948ರಲ್ಲಿ ಸ್ಥಿರ ಸ್ಥಿತಿ ಸಿದ್ಧಾಂತ ಮುಂದಿಟ್ಟಿದ್ದರು. ಗ್ಯಾಲಕ್ಸಿಗಳು ದೂರ ಸರಿದಂತೆ ನಡುವೆ ಹೊಸ ವಸ್ತು ಹುಟ್ಟುತ್ತದೆ, ಹಾಗಾಗಿ ಬ್ರಹ್ಮಾಂಡಕ್ಕೆ ಆರಂಭವೇ ಇಲ್ಲ ಅನ್ನೋದು ಅವರ ವಾದ. ಸುಡುವ ಆರಂಭವೇ ಇಲ್ಲದಿದ್ದರೆ ಆ ಗೊರಗೊರ ಎಲ್ಲಿಂದ ಬಂತು? ಅದು ಈ ಸಿದ್ಧಾಂತಕ್ಕೆ ಕೊಟ್ಟ ಪೆಟ್ಟು ಸಣ್ಣದಲ್ಲ. 1993ರಲ್ಲಿ ಹಾಯ್ಲ್ ಮತ್ತು ಖಗೋಳ ವಿಜ್ಞಾನಿ ಬರ್ಬಿಜ್ ಜೊತೆ ಸೇರಿ ನಾರ್ಳೀಕರ್ ಆ ಸಿದ್ಧಾಂತವನ್ನು ತಿದ್ದಿ ತಂದರು, ಹೆಚ್ಚಿನವರು ಒಪ್ಪಲಿಲ್ಲ. ಹಿಗ್ಗೋದನ್ನು ಅವರೂ ಅಲ್ಲಗಳೆಯಲಿಲ್ಲ, ಜಗಳ ಇದ್ದದ್ದು ಆರಂಭದ ಬಗ್ಗೆ.