ಸ್ಪ್ಯಾನಿಷ್ ರೈಸ್ ಮಾಡೋಕೆ ಹೋದ್ರೆ ಟೊಮೆಟೊ ಬಾತ್ ಆಗುತ್ತಲ್ಲ, ಯಾಕೆ?

ಪ್ರಶ್ನೆ: ನಾವು ಮಂಡ್ಯದ ಕಡೆಯವರು. ಮಗಳು ಕೇಳಿದಳು ಅಂತ ಎರಡು ಸಲ ಸ್ಪ್ಯಾನಿಷ್ ರೈಸ್ ಮಾಡಿದೆ. ಮೊದಲ ಸಲ ಮೆತ್ತಗೆ ಮುದ್ದೆಯಾಯಿತು. ಎರಡನೇ ಸಲ ಪರವಾಗಿಲ್ಲ ಅನ್ನುವ ಹಾಗೆ ಬಂತು. ಆದರೆ ಮನೆಯವರು ತಿಂದು, 'ಟೊಮೆಟೊ ಬಾತ್ ಚೆನ್ನಾಗಿದೆ, ಮೊಸರುಬಜ್ಜಿ ಇಲ್ವಾ' ಅಂದರು. ಅಕ್ಕಿ ನಮ್ಮದೇ ಗದ್ದೆಯದು, ಸಂಕ್ರಾಂತಿಗೆ ಮುಂಚೆ ಮಿಲ್ ಮಾಡಿಸಿದ್ದು. ಎಲ್ಲಿ ತಪ್ಪಾಯಿತು?

ಉತ್ತರ: ನಿಮ್ಮ ಮನೆಯವರನ್ನು ಬೈಯಬೇಡಿ. ಎರಡಕ್ಕೂ ಸಾಮಾನು ಹೆಚ್ಚುಕಡಿಮೆ ಒಂದೇ. ಅಕ್ಕಿ, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ, ಜೀರಿಗೆ. ಬೇರೆ ಆಗುವುದು ಯಾವುದು ಮೊದಲು ಪಾತ್ರೆಗೆ ಬೀಳುತ್ತದೆ ಅನ್ನುವುದರಲ್ಲಿ. ಬಾತಿಗೆ ಒಗ್ಗರಣೆ, ಚಕ್ಕೆ ಲವಂಗ, ಟೊಮೆಟೊ, ಪುಡಿ, ನೀರು ಎಲ್ಲಾ ಆದಮೇಲೆ ಕೊನೆಗೆ ಅಕ್ಕಿ ಹಾಕುತ್ತೇವೆ. ಇಲ್ಲಿ ಎಣ್ಣೆಗೆ ಮೊದಲು ಬೀಳುವುದೇ ಅಕ್ಕಿ. ಅದು ಚೆನ್ನಾಗಿ ಹುರಿದ ಮೇಲೆ ಟೊಮೆಟೊ ರಸ. ಚಕ್ಕೆ ಲವಂಗ ಮುಟ್ಟುವ ಹಾಗೇ ಇಲ್ಲ. ಹಾಕಿದಿರೋ, ಬಾತ್ ಆಯಿತು.

ಹೆಸರಿನ ಕಥೆ ಸ್ವಲ್ಪ ತಮಾಷೆ. ಇದು ಸ್ಪೇನಿನ ಅಡುಗೆ ಅಲ್ಲ. ಸ್ಪೇನಿನಲ್ಲಿ ಅನ್ನ ಅಂದರೆ ಹೆಸರಾಗಿರುವುದು ವೆಲೆನ್ಸಿಯಾದ ಪಯೆಯಾ. ಅಗಲ ಬಾಣಲೆಯಲ್ಲಿ ಮುಚ್ಚಳ ಹಾಕದೆ ಗುಂಡು ಅಕ್ಕಿಯಿಂದ ಮಾಡುವುದು, ಬಣ್ಣಕ್ಕೆ ಕೇಸರಿ. ನಾವು ಮಾತಾಡುತ್ತಿರುವ ಕೆಂಪು ಅನ್ನ ಮೆಕ್ಸಿಕೋದವರದು. ಅಲ್ಲಿ ಅದಕ್ಕೆ 'ಅರೋಸ್ ರೋಹೊ', ಅಂದರೆ ಕೆಂಪು ಅನ್ನ ಅಂತಲೇ ಹೆಸರು. 'ಸ್ಪ್ಯಾನಿಷ್ ರೈಸ್' ಅನ್ನುವುದು ಅಮೆರಿಕದಲ್ಲಿ ಹುಟ್ಟಿದ ಮಾತು. ಪೂರ್ತಿ ಸುಳ್ಳು ಅಂತಲೂ ಅನ್ನುವ ಹಾಗಿಲ್ಲ. ಸ್ಪೇನಿಗೆ ಅಕ್ಕಿ ತಂದವರು ಅರಬರು, ಮೆಕ್ಸಿಕೋಗೆ ತಂದವರು 16ನೇ ಶತಮಾನದಲ್ಲಿ ಹೋದ ಸ್ಪೇನಿನವರು. ಟೊಮೆಟೊ ಮಾತ್ರ ಮೆಕ್ಸಿಕೋದ್ದೇ ಬೆಳೆ. ಆ ಹೆಸರೂ ಅಲ್ಲಿನ ನಾವಾಟಲ್ ಭಾಷೆಯ 'ಟೊಮಾಟ್ಲ್'ನಿಂದ ಬಂದದ್ದು.

ಮೆಕ್ಸಿಕೋದವರ ಇನ್ನೊಂದು ಮಾತು ನನಗೆ ತುಂಬಾ ಇಷ್ಟ. ಅವರ ಮಧ್ಯಾಹ್ನದ ಊಟದಲ್ಲಿ ಮೊದಲು ನೀರು ಸಾರು, ಆಮೇಲೆ ಈ ಅನ್ನ, ಆಮೇಲೆ ಮಾಂಸವೋ ಮತ್ತೊಂದೋ ಬರುತ್ತದೆ. ಮಧ್ಯದ ಈ ಅನ್ನಕ್ಕೆ 'ಸೋಪಾ ಸೆಕಾ' ಅನ್ನುತ್ತಾರೆ. ಅಂದರೆ ಒಣ ಸಾರು! ಸಾರನ್ನೆಲ್ಲಾ ಅಕ್ಕಿ ಕುಡಿದುಬಿಟ್ಟಿದೆ, ಹಾಗಾಗಿ ಒಣ ಸಾರು. ಈ ಅಡುಗೆಯ ಗುಟ್ಟೆಲ್ಲಾ ಈ ಎರಡು ಪದದಲ್ಲೇ ಇದೆ. ನೀವು ಅನ್ನಕ್ಕೆ ಟೊಮೆಟೊ ಕಲಸುತ್ತಿಲ್ಲ. ಸಾರು ಮಾಡಿ, ಅದನ್ನು ಅಕ್ಕಿಗೆ ಕುಡಿಸುತ್ತಿದ್ದೀರಿ.

ಈಗ ನಿಮ್ಮ ಅಕ್ಕಿಗೆ ಬರೋಣ. ಮೊದಲ ಸಲ ಮುದ್ದೆಯಾಯಿತು ಅಂದಿರಿ. ನನ್ನ ಅನುಮಾನ ಪೂರ್ತಿ ಆ ಹೊಸ ಅಕ್ಕಿಯ ಮೇಲೇ. ಹೊಸ ಅಕ್ಕಿ ಬೇಗ ಬೇಯುತ್ತದೆ, ಗಂಜಿ ಜಾಸ್ತಿ ಬಿಡುತ್ತದೆ, ಒಂದಕ್ಕೊಂದು ಅಂಟುತ್ತದೆ. ಸಂಕ್ರಾಂತಿ ಪೊಂಗಲ್‌ಗೆ ಅದು ಚಿನ್ನ, ಇದಕ್ಕೆ ಮಾತ್ರ ಬೇಡ. ವರ್ಷ ಹಳೆಯ ಸೋನಾ ಮಸೂರಿ ಸಿಕ್ಕರೆ ಸಾಕು. ಮೈಸೂರಿನ ಸಂತೇಪೇಟೆಯಲ್ಲಿ ಅಕ್ಕಿ ಕೇಳಿದರೆ 'ರಾ ಬೇಕಾ, ಸ್ಟೀಮ್ ಬೇಕಾ' ಅಂತ ಕೇಳುತ್ತಾರೆ. ಇದಕ್ಕೆ ಸ್ಟೀಮ್ ತಗೊಳ್ಳಿ. ಬತ್ತ ಇರುವಾಗಲೇ ಹಬೆ ಕೊಟ್ಟಿರುವುದರಿಂದ ಕಾಳು ಗಟ್ಟಿಯಾಗಿರುತ್ತದೆ, ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಬಾಸ್ಮತಿಯೂ ಆಗುತ್ತದೆ, ಆದರೆ ಅದರ ಪರಿಮಳ ಇಲ್ಲಿ ಸುಮ್ನೆ ಅಡ್ಡ ಬರುತ್ತದೆ ಅಂತ ನನಗನ್ನಿಸುತ್ತದೆ.

ಒಂದು ಪಾವು ಅಕ್ಕಿ ಅಂತ ಇಟ್ಟುಕೊಳ್ಳಿ. ತೊಳೆದ ನೀರಿನ ಬಿಳುಪು ಕಡಿಮೆಯಾಗುವ ತನಕ ಮೂರು ನಾಲ್ಕು ಸಲ ತೊಳೆಯಿರಿ. ಜರಡಿಯಲ್ಲಿ ಸೋಸಿ, ಹಳೆ ಪಂಚೆಯ ಮೇಲೆ ಕಾಲು ಗಂಟೆ ಹರಡಿ. ಈ ಹರಡುವ ಕೆಲಸ ಬಿಡಬೇಡಿ. ಒದ್ದೆ ಅಕ್ಕಿ ಎಣ್ಣೆಗೆ ಬಿದ್ದರೆ ಹುರಿಯುವುದಿಲ್ಲ, ತಳಕ್ಕೆ ಅಂಟಿಕೊಂಡು ಬೇಯುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ ಅಕ್ಕಿ ಹಾಕಿ. ಉರಿ ಮಧ್ಯಮ. ಇಲ್ಲಿ ಗಡಿಯಾರಕ್ಕಿಂತ ಕಿವಿ ಮುಖ್ಯ. ಮೊದಲೆರಡು ನಿಮಿಷ 'ಸುಸ್ಸ್' ಅಂತ ಮೆತ್ತಗಿನ ಸದ್ದು, ಉಳಿದಿದ್ದ ತೇವ ಹೋಗುತ್ತಿರುತ್ತದೆ. ಕಾಳು ಗಾಜಿನ ಹಾಗೆ ಕಾಣುತ್ತದೆ. ಆಮೇಲೆ ಒಂದೊಂದೇ ಸುಣ್ಣದಂತೆ ಬೆಳ್ಳಗಾಗುತ್ತದೆ. ಸೌಟಿನಲ್ಲಿ ಕೈಯಾಡಿಸಿದರೆ ಮರಳು ಜಾರಿದ ಹಾಗೆ 'ಜಲ ಜಲ' ಅನ್ನುತ್ತದೆ. ಅಲ್ಲಲ್ಲಿ ಹೊಂಬಣ್ಣದ ಕಾಳು ಕಂಡು, ಪುರಿ ಭಟ್ಟಿಯ ಮುಂದೆ ಹೋದಾಗ ಬರುವ ವಾಸನೆ ಬಂತಾ? ಆಯಿತು. ಆರೇಳು ನಿಮಿಷ ಹಿಡಿಯುತ್ತದೆ. ಹೀಗೆ ಹುರಿದ ಕಾಳಿಗೆ ಎಣ್ಣೆಯ ಪೊರೆ ಬರುತ್ತದೆ, ಮೇಲ್ಮೈಯ ಗಂಜಿ ಬಿಗಿಯುತ್ತದೆ. ನೀರು ಕುಡಿದರೂ ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಬಾತಿಗಿಂತ ರುಚಿ ಬೇರೆ ಅನ್ನಿಸುವುದೂ ಈ ಹುರಿದ ವಾಸನೆಯಿಂದಲೇ.

ಅಷ್ಟರಲ್ಲಿ ಎರಡು ಟೊಮೆಟೊ, ಅರ್ಧ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ ಹಸಿಯಾಗೇ ನುಣ್ಣಗೆ ರುಬ್ಬಿ ಸೋಸಿಟ್ಟುಕೊಂಡಿರಿ. ನಾಟಿ ಟೊಮೆಟೊ ಸಾರಿಗೆ ಇರಲಿ, ಇದಕ್ಕೆ ಹುಳಿ ಜಾಸ್ತಿಯಾಗುತ್ತದೆ. ಚೆನ್ನಾಗಿ ಹಣ್ಣಾದ ಫಾರಂ ಟೊಮೆಟೊ ತಗೊಳ್ಳಿ. ರಸ ಹುರಿದ ಅಕ್ಕಿಗೆ ಹಾಕಿದ ಕೂಡಲೇ ಜೋರಾಗಿ ಸಿಡಿಯುತ್ತದೆ, ಮುಖ ಸ್ವಲ್ಪ ದೂರ ಇಡಿ. ಹಸಿ ವಾಸನೆ ಹೋಗುವ ತನಕ ಎರಡು ಮೂರು ನಿಮಿಷ ಬಾಡಿಸಿ.

ಬಹಳ ಜನ ಎಡವುವುದು ಇದಾದಮೇಲಿನ ನೀರಿನ ಲೆಕ್ಕದಲ್ಲಿ. ಟೊಮೆಟೊದಲ್ಲಿ ನೂರಕ್ಕೆ 94 ಭಾಗ ನೀರೇ. ಆದರೂ ಅದನ್ನು ಲೆಕ್ಕಕ್ಕೆ ತಗೊಳ್ಳದೆ ಒಂದಕ್ಕೆ ಎರಡು ಅಂತ ಮೇಲಿಂದ ಮತ್ತೆ ನೀರು ಸುರಿಯುತ್ತೇವೆ. ಮುದ್ದೆಯಾಗದೆ ಇನ್ನೇನು? ರುಬ್ಬಿದ ರಸವನ್ನು ಅದೇ ಪಾವಿನಲ್ಲಿ ಅಳೆಯಿರಿ. ಮುಕ್ಕಾಲು ಪಾವು ಬಂದರೆ ಇನ್ನು ಒಂದೂಕಾಲು ಪಾವು ನೀರು ಮಾತ್ರ. ಒಟ್ಟು ಎರಡು. ಹೊಸ ಅಕ್ಕಿಯೇ ಗತಿ ಅಂದರೆ ಒಟ್ಟು ಒಂದೂಮುಕ್ಕಾಲಿಗೆ ನಿಲ್ಲಿಸಿ.

ಆ ನೀರು ಬರೀ ನೀರಾಗಬಾರದು, 'ಸಾರು' ಅಂದೆವಲ್ಲ. ಮೆಕ್ಸಿಕೋದಲ್ಲಿ ಕೋಳಿ ಬೇಯಿಸಿದ ನೀರು ಹಾಕುತ್ತಾರೆ. ಸಸ್ಯಾಹಾರಿಗಳು ಕ್ಯಾರೆಟ್, ಬೀನ್ಸ್ ಬೇಯಿಸಿದ ನೀರು ಹಾಕಬಹುದು. ಬಸ್ಸಾರಿಗೆ ಬಸಿಯುವ ಕಟ್ಟು ಆಗುತ್ತಾ ಅಂತ ನೀವು ಕೇಳೇ ಕೇಳುತ್ತೀರಿ. ಹೆಸರುಕಾಳಿನ ತೆಳು ಕಟ್ಟಾದರೆ ಬಹಳ ಚೆನ್ನಾಗಿರುತ್ತದೆ, ನಾನೂ ಹಾಕುತ್ತೇನೆ. ತೊಗರಿಬೇಳೆಯ ಮಂದ ಕಟ್ಟು ಬೇಡ, ತಳ ಹಿಡಿಯುತ್ತದೆ. ಯಾವುದಾದರೂ ಸರಿ, ಕುದಿಯುತ್ತಿರುವಾಗಲೇ ಹಾಕಿ.

ಅರ್ಧ ಚಮಚ ಜೀರಿಗೆ ಪುಡಿ, ಉಪ್ಪು, ಬೇಕಿದ್ದರೆ ಒಂದು ಹಿಡಿ ಬಟಾಣಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್. ಒಂದೆರಡು ಹಸಿಮೆಣಸಿನಕಾಯಿ ಸೀಳದೆ ಇಡಿಯಾಗಿ ಮೇಲಿಡಿ. ಖಾರ ಇಳಿಯದೆ ಘಮ ಮಾತ್ರ ಬರುತ್ತದೆ. ಕೆಲವರು ಒರೆಗಾನೊ ಹಾಕುತ್ತಾರೆ. ಅದಕ್ಕಾಗಿ ಅಂಗಡಿಗೆ ಓಡಬೇಕಿಲ್ಲ. ಹಿತ್ತಲಿನ ದೊಡ್ಡಪತ್ರೆಯ ಅರ್ಧ ಎಲೆ ಹೆಚ್ಚಿ ಹಾಕಿ. ಅದನ್ನು ಕ್ಯೂಬನ್ ಒರೆಗಾನೊ ಅಂತಲೇ ಕರೆಯುತ್ತಾರೆ, ವಾಸನೆ ಅಷ್ಟು ಹತ್ತಿರ. ಅರ್ಧ ಅಂದರೆ ಅರ್ಧ. ಪೂರ್ತಿ ಹಾಕಿದರೆ ಮಗುವಿನ ಶೀತದ ಕಷಾಯ ನೆನಪಾಗುತ್ತದೆ.

ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಿ, 15 ನಿಮಿಷ ಬಿಡಿ. ಆರಿಸಿ, ಮತ್ತೆ 10 ನಿಮಿಷ. ಈ 25 ನಿಮಿಷ ಮುಚ್ಚಳ ತೆಗೆಯುವ ಹಾಗಿಲ್ಲ, ಸೌಟು ಮುಟ್ಟುವ ಹಾಗಿಲ್ಲ. ಒಮ್ಮೆ ಮನೆಗೆ ನೆಂಟರು ಬಂದಿದ್ದಾಗ ತಳ ಹಿಡಿಯಿತೇನೋ ಅಂತ ಹೆದರಿ ನಾನು ಮೂರು ಸಲ ತಿರುವಿದೆ. ಕಾಳೆಲ್ಲಾ ಒಡೆದು ಗಂಜಿ ಬಿಟ್ಟಿತು. ಕೊನೆಗೆ ಅದಕ್ಕೆ ತುಪ್ಪ ಹಾಕಿ 'ಟೊಮೆಟೊ ಪೊಂಗಲ್, ಹೊಸ ರುಚಿ' ಅಂತ ಬಡಿಸಿದೆ. ಯಾರೂ ನಂಬಲಿಲ್ಲ.

ಕುಕ್ಕರಿನಲ್ಲಿ ಎಷ್ಟು ಕೂಗು? ಒಂದೇ, ನೀರು ಒಟ್ಟು ಒಂದೂಮುಕ್ಕಾಲು. ಆದರೆ ಹಬೆ ಹೊರಗೆ ಹೋಗದ ಕಾರಣ ಅನ್ನ ಮೆತ್ತಗೇ ಬರುತ್ತದೆ. ಬೆಳಿಗ್ಗೆ ಡಬ್ಬಿಗೆ ಅವಸರ ಅಂದರೆ ಮಾಡಿ, ನೆಂಟರಿಗೆ ಬೇಡ.

ಇನ್ನು ಬಡಿಸುವುದು. ನಮಗೆ ಅನ್ನ ನಡುವೆ, ಪಲ್ಯ ಪಕ್ಕಕ್ಕೆ. ಇಲ್ಲಿ ಅನ್ನವೇ ಪಕ್ಕದ ಪದಾರ್ಥ. ಮಂಡ್ಯದವರಿಗೆ ಇದು ಹೊಸದೇನಲ್ಲ, ಮುದ್ದೆ ಮುಗಿಸಿ ಕೊನೆಗೆ ಒಂದು ಹಿಡಿ ಅನ್ನ ಹಾಕಿಸಿಕೊಳ್ಳುವುದಿಲ್ಲವೇ? ಅಷ್ಟೇ ಪ್ರಮಾಣ. ಒಂದು ಪಾವು ನಾಲ್ಕು ಜನಕ್ಕೆ ಧಾರಾಳ. ಜೊತೆಗೆ ಮಸೆದ ರಾಜ್ಮಾ ಅಥವಾ ಅಲಸಂದೆ ಕಾಳು, ಇಲ್ಲವೇ ಹುರಿದ ಕೋಳಿ. ಮೇಲೆ ಕೊತ್ತಂಬರಿ ಸೊಪ್ಪು, ನಾಲ್ಕು ಹನಿ ನಿಂಬೆ. ನಿಮ್ಮ ಮನೆಯವರು ಆಗಲೂ ಮೊಸರುಬಜ್ಜಿ ಕೇಳಿದರೆ ಕೊಟ್ಟುಬಿಡಿ, ಚೆನ್ನಾಗೇ ಇರುತ್ತದೆ.